ಪುದೀನದ ಪಂಚಾಂಗ



ನಮ್ಮ ಬಾಲ್ಯದಲ್ಲಿ ‘ಪೆಪ್ಪರಮೆಂಟು’ ಎಂದರೆ ಅಂಗಡಿಯ ಗಾಜಿನ ಭರಣಿಯಲ್ಲಿದ್ದ ಯಾವುದೇ ಸಿಹಿಗುಳಿಗೆ. ಕಿತ್ತಳೆಯ ರುಚಿಯದಾದರೂ ಅದು ಪೆಪ್ಪರಮೆಂಟೇ, ಶುಂಠಿಯ ರುಚಿಯದಾದರೂ ಪೆಪ್ಪರಮೆಂಟೇ. ಆ ಮಾತಿನ ಹಿಂದೆ ಒಂದು ಗಿಡವಿದೆಯೆಂಬುದು, ಆ ಗಿಡಕ್ಕೆ ಮುನ್ನೂರು ವರ್ಷಗಳ ಲಿಖಿತ ಇತಿಹಾಸವಿದೆಯೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಈ ಉಪನ್ಯಾಸದ ವಿಷಯ ಆ ಗಿಡ ಹಾಗೂ ಅದರ ಎಣ್ಣೆ. ಒಂದೇ ಹೊಲದ ಒಂದೇ ಗಿಡವನ್ನು ಜೂನ್ ತಿಂಗಳಿನಲ್ಲಿ ಕೊಯ್ದರೆ ಒಂದು ಬಗೆಯ ಎಣ್ಣೆ, ಸೆಪ್ಟೆಂಬರಿನಲ್ಲಿ ಕೊಯ್ದರೆ ಮತ್ತೊಂದು ಬಗೆಯ ಎಣ್ಣೆ ದೊರೆಯುತ್ತದೆ. ಈ ಸಂಗತಿ ರೈತರಿಗೆ ಮೊದಲು ಗೊತ್ತಾಯಿತು, ರಸಾಯನಶಾಸ್ತ್ರಜ್ಞರಿಗೆ ಆಮೇಲೆ, ವೈದ್ಯರಿಗೆ ಎಲ್ಲರಿಗಿಂತ ಕಡೆಗೆ. ಆ ಕ್ರಮದಲ್ಲಿಯೇ ಅದನ್ನು ನಿರೂಪಿಸುವುದು ನನ್ನ ಉದ್ದೇಶ.

ಪುದೀನದ ಕುಟುಂಬ ನಮಗೆ ಅಪರಿಚಿತವಲ್ಲ. ತುಳಸಿ, ಕಾಮಕಸ್ತೂರಿ, ಮರುಗ, ತುಂಬೆ, ದೊಡ್ಡಪತ್ರೆ ಇವೆಲ್ಲವೂ ಸಸ್ಯಶಾಸ್ತ್ರದಲ್ಲಿ ಪುದೀನದ ದಾಯಾದಿಗಳು. ಚೌಕಾಕಾರದ ಕಾಂಡ, ಎದುರು ಬದುರಾದ ಎಲೆ, ತುಟಿಯಂತಹ ಹೂ ಇವು ಈ ಕುಟುಂಬದ ಲಕ್ಷಣಗಳು. ಇವುಗಳಲ್ಲಿ ಅನೇಕ ಗಿಡಗಳ ಎಲೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗ್ರಂಥಿಗಳಿರುತ್ತವೆ. ಪುದೀನದಲ್ಲಿ ಅಂತಹ ಒಂದೊಂದು ಗ್ರಂಥಿಯ ತಲೆಯಲ್ಲಿಯೂ ಎಂಟು ಜೀವಕೋಶಗಳು ವೃತ್ತಾಕಾರವಾಗಿ ಕುಳಿತು ಎಣ್ಣೆಯನ್ನು ತಯಾರಿಸಿ, ಮೇಲಿನ ತೆಳುಪೊರೆಯ ಕೆಳಗೆ ಶೇಖರಿಸಿಡುತ್ತವೆ. ಎಲೆಯನ್ನು ಬೆರಳಿನಿಂದ ಹೊಸಕಿದಾಗ ಈ ಪೊರೆ ಒಡೆಯುತ್ತದೆ, ಪರಿಮಳ ಹೊರಬರುತ್ತದೆ.

ಇಲ್ಲಿಯೇ ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ನಾವು ಚಟ್ನಿಗೆ ಬಳಸುವ ಪುದೀನ ಬಹುಮಟ್ಟಿಗೆ ‘ಸ್ಪಿಯರ್‌ಮಿಂಟ್’ ಜಾತಿಯದು. ಅದರ ಪರಿಮಳಕ್ಕೆ ಕಾರಣ ಕಾರ್ವೋನ್ ಎಂಬ ದ್ರವ್ಯ. ಮೆಂಥಾಲ್ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬಾಯಿಗೂ ಮೂಗಿಗೂ ತಂಪೆನಿಸುವ ಮೆಂಥಾಲ್ ಬರುವುದು ಪೆಪ್ಪರ್‌ಮಿಂಟಿನಿಂದ ಮತ್ತು ‘ಜಪಾನಿ ಪುದೀನ’ವೆಂದು ಹೆಸರಾದ ಮೆಂಥಾ ಆರ್ವೆನ್ಸಿಸ್ ಎಂಬ ಬಂಧುವಿನಿಂದ. ಪೆಪ್ಪರ್‌ಮಿಂಟ್ ಎಂಬುದು ನೀರುಪುದೀನ ಹಾಗೂ ಸ್ಪಿಯರ್‌ಮಿಂಟ್‌ಗಳ ಸಂಕರದಿಂದ ಹುಟ್ಟಿದ ಗಿಡ. ಅದು ಬಂಜೆ, ಬೀಜದಿಂದ ವೃದ್ಧಿಯಾಗುವುದಿಲ್ಲ. ಹಂಬನ್ನು ತುಂಡರಿಸಿ ನೆಟ್ಟೇ ಬೆಳೆಸಬೇಕು. ಆದ್ದರಿಂದ ಒಂದು ತಳಿಯ ಹೊಲವೆಂದರೆ ಒಂದೇ ಗಿಡದ ಸಹಸ್ರಾರು ತುಂಡುಗಳು. ಹೀಗಿದ್ದೂ ಎಣ್ಣೆ ಒಂದೇ ತೆರನಾಗಿರುವುದಿಲ್ಲವೆಂಬುದೇ ಈ ಇತಿಹಾಸದ ಸ್ವಾರಸ್ಯ.

ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಜಾನ್ ರೇ 1696ರಲ್ಲಿ ಕಾಳುಮೆಣಸಿನಂತೆ ಚುರುಕಾದ ರುಚಿಯ ಈ ಪುದೀನವನ್ನು ವರ್ಣಿಸಿದನು. 1721ರಲ್ಲಿ ಅದು ಲಂಡನ್ನಿನ ಅಧಿಕೃತ ಔಷಧಕೋಶವನ್ನು ಸೇರಿತು. 1753ರಲ್ಲಿ ಲಿನೇಯಸ್ ಅದಕ್ಕೆ ಮೆಂಥಾ ಪೈಪರೀಟಾ ಎಂಬ ಹೆಸರನ್ನಿತ್ತನು. ಆ ಹೊತ್ತಿಗೆ ಲಂಡನ್ನಿನ ದಕ್ಷಿಣಕ್ಕಿರುವ ಮಿಚಮ್ ಎಂಬ ಊರಿನಲ್ಲಿ ಅದರ ಬೇಸಾಯ ನೆಲೆಗೊಳ್ಳುತ್ತಲಿತ್ತು. ಆ ಊರು ಇಂದು ಮಹಾನಗರದಲ್ಲಿ ಕರಗಿಹೋಗಿದೆ, ಆದರೆ ಪೆಪ್ಪರ್‌ಮಿಂಟಿನ ಮುಖ್ಯ ತಳಿಗಳು ಇಂದಿಗೂ ಮಿಚಮ್ ಎಂಬ ಹೆಸರನ್ನು ಹೊತ್ತಿವೆ.

ನಾವು ನೆಲೆಸಿರುವ ಅಮೆರಿಕದಲ್ಲಿ ಈ ಬೇಸಾಯ ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಬೇರೂರಿತು. ಮ್ಯಾಸಚೂಸೆಟ್ಸ್ ರಾಜ್ಯದ ಆಶ್‌ಫೀಲ್ಡಿನಿಂದ ಅದು ನ್ಯೂಯಾರ್ಕ್ ರಾಜ್ಯದ ಪಶ್ಚಿಮಕ್ಕೂ, ಅಲ್ಲಿಂದ ಮಿಶಿಗನ್ನಿನ ಕಪ್ಪು ಜೌಗುಮಣ್ಣಿಗೂ ವಲಸಿಗರೊಡನೆಯೇ ಸಾಗಿತು. ಮನೆ ಬಿಟ್ಟು ಬಂದವರು ಹಂಬಿನ ತುಂಡುಗಳನ್ನು ಜೊತೆಗೆ ತಂದರು. ನ್ಯೂಯಾರ್ಕಿನ ಲಯನ್ಸ್ ಊರಿನ ಹೈರಮ್ ಹಾಚ್‌ಕಿಸ್ ತನ್ನ ಎಣ್ಣೆಯನ್ನು ನೀಲಿ ಸೀಸೆಗಳಲ್ಲಿ ಮಾರಿ, 1851ರ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಪದಕವನ್ನು ಗಳಿಸಿದನು. ಮಿಶಿಗನ್ನಿನ ಆಲ್ಬರ್ಟ್ ಟಾಡ್ 1869ರಲ್ಲಿ ಉದ್ಯಮವನ್ನಾರಂಭಿಸಿ, ಮುಂದೆ ಕ್ಯಾಲಮಜೂ ಪಟ್ಟಣಕ್ಕೆ ಅದನ್ನು ಸ್ಥಳಾಂತರಿಸಿ, ‘ಪೆಪ್ಪರ್‌ಮಿಂಟಿನ ರಾಜ’ನೆಂದು ಹೆಸರಾದನು, 1897ರಿಂದ 1899ರವರೆಗೆ ಅಮೆರಿಕದ ಕಾಂಗ್ರೆಸ್ಸಿನ ಸದಸ್ಯನೂ ಆಗಿದ್ದನು. ಟರ್ಪೆಂಟೈನ್ ಮುಂತಾದವುಗಳನ್ನು ಬೆರೆಸಿದ ಎಣ್ಣೆ ಪೇಟೆಯಲ್ಲಿ ತುಂಬಿದ್ದ ಕಾಲವದು. ಕೊಳ್ಳುವವನಿಗೆ ಶುದ್ಧವಾದ ಎಣ್ಣೆ ಬೇಕಾಗಿತ್ತು, ವರ್ಷ ವರ್ಷವೂ ಒಂದೇ ಗುಣದ ಎಣ್ಣೆ ಬೇಕಾಗಿತ್ತು. ಮೊದಲನೆಯದಕ್ಕೆ ಪ್ರಾಮಾಣಿಕತೆ ಸಾಕು. ಎರಡನೆಯದಕ್ಕೆ ಗಿಡದ ಸ್ವಭಾವದ ಜ್ಞಾನ ಬೇಕು.

ಆ ಜ್ಞಾನ ರೈತರ ಮೂಗಿನಲ್ಲಿತ್ತು. ಎಳೆಯ ಗಿಡವನ್ನು ಕೊಯ್ದರೆ ಎಣ್ಣೆ ಒರಟು. ಹೂ ಪೂರ್ತಿಯಾಗಿ ಅರಳಿದ ಮೇಲೆ ಕೊಯ್ದರೆ ಬೇರೊಂದು ವಾಸನೆ ಸೇರುತ್ತದೆ, ಕೆಳಗಿನ ಎಲೆಗಳೂ ಉದುರಿಹೋಗುತ್ತವೆ. ಮೊದಲ ಹೂತೆನೆಗಳು ಬಿರಿಯತೊಡಗಿದಾಗ ಕೊಯ್ದು, ಹುಲ್ಲಿನಂತೆ ಹೊಲದಲ್ಲಿಯೇ ಬಾಡಿಸಿ, ಬಳಿಕ ಹಬೆಯಿಂದ ಬಟ್ಟಿ ಇಳಿಸುವ ಪದ್ಧತಿ ಹೀಗೆ ರೂಢಿಗೆ ಬಂತು. ನೂರು ಕಿಲೋ ಹಸಿ ಸೊಪ್ಪಿಗೆ ಒಂದು ಕಿಲೋ ಎಣ್ಣೆಯೂ ಬಾರದು. ಆದ್ದರಿಂದ ಕೊಯ್ಲಿನ ದಿನವನ್ನು ತಪ್ಪಾಗಿ ಆರಿಸಿದ ಕುಟುಂಬದ ವರ್ಷದ ದುಡಿಮೆಯೇ ಬೆಲೆಯಿಲ್ಲದಂತಾಗುತ್ತಿತ್ತು.

ಭೂಪಟವನ್ನು ನೋಡಿದರೆ ಮತ್ತೊಂದು ಸಂಗತಿ ಹೊಳೆಯುತ್ತದೆ. ಮಿಚಮ್, ಲಯನ್ಸ್, ಕ್ಯಾಲಮಜೂ, ಮುಂದೆ ಬಂದ ಆರೆಗಾನ್ ಮತ್ತು ವಾಷಿಂಗ್ಟನ್ ರಾಜ್ಯಗಳ ಹೊಲಗಳು ಎಲ್ಲವೂ ನಲವತ್ತು ಡಿಗ್ರಿ ಉತ್ತರ ಅಕ್ಷಾಂಶಕ್ಕಿಂತ ಮೇಲಿವೆ. ಪೆಪ್ಪರ್‌ಮಿಂಟಿಗೆ ಬೇಸಗೆಯ ದೀರ್ಘ ಹಗಲುಗಳು ಬೇಕು; ಹದಿನೈದು ಗಂಟೆಗಳ ಬೆಳಕು ದೊರೆತಾಗ ಅದು ನೆಟ್ಟಗೆ ಬೆಳೆದು ಹೂ ಬಿಡುತ್ತದೆ, ಎಣ್ಣೆಯೂ ಹದವಾಗಿರುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತ್ಯಂತ ದೀರ್ಘವಾದ ಹಗಲು ಹದಿಮೂರು ಗಂಟೆಗಳನ್ನು ಮುಟ್ಟುವುದಿಲ್ಲ. ಇಲ್ಲಿನ ಹಂಬನ್ನು ಅಲ್ಲಿ ನೆಟ್ಟರೆ ಗಿಡ ಬದುಕೀತು, ಆದರೆ ಅದೇ ಎಣ್ಣೆಯನ್ನು ನೀಡದು.

ಇದಕ್ಕೆ ಕಾರಣವನ್ನು ಅರಿಯಲು ರಸಾಯನಶಾಸ್ತ್ರಕ್ಕೆ ದೀರ್ಘಕಾಲ ಹಿಡಿಯಿತು. 1771ರಲ್ಲಿ ಲೈಡನ್ ನಗರದ ವೈದ್ಯ ಗೌಬಿಯಸ್ ಪುದೀನದ ಎಣ್ಣೆಯಲ್ಲಿನ ಹರಳುಗಳನ್ನು ವರ್ಣಿಸಿದನು. 1861ರಲ್ಲಿ ಆಪನ್‌ಹೈಮ್ ಅವಕ್ಕೆ ಮೆಂಥಾಲ್ ಎಂದು ಹೆಸರಿಟ್ಟನು. 1900ರಲ್ಲಿ ಫ್ರಾನ್ಸಿನ ಯೂಜೀನ್ ಶಾರಾಬೋ ಗಿಡದ ಬೆಳವಣಿಗೆಯ ಬೇರೆ ಬೇರೆ ಹಂತಗಳಲ್ಲಿ ಎಣ್ಣೆಯನ್ನು ತೆಗೆದು ಹೋಲಿಸಿ, ಅದರ ಘಟಕಗಳು ಹಂತದಿಂದ ಹಂತಕ್ಕೆ ಬದಲಾಗುವುದನ್ನು ಅಳತೆಯಿಂದ ತೋರಿಸಿದನು. ಘಟಕಗಳಲ್ಲಿ ಯಾವುದರಿಂದ ಯಾವುದು ಹುಟ್ಟುತ್ತದೆಂಬ ಪ್ರಶ್ನೆಗೆ 1958ರಲ್ಲಿ ಟಾಡ್ ಕಂಪನಿಯ ರಸಾಯನಶಾಸ್ತ್ರಜ್ಞ ರೈಟ್ಸೆಮಾ ಒಂದು ಅನುಕ್ರಮವನ್ನು ಸೂಚಿಸಿದನು. 1961ರಲ್ಲಿ ಬಟೈಲ್ ಮತ್ತು ಲೂಮಿಸ್ ಎಂಬ ವಿಜ್ಞಾನಿಗಳು ವಿಕಿರಣಶೀಲ ಇಂಗಾಲವನ್ನು ಗಿಡಕ್ಕೆ ಉಸಿರಾಡಿಸಿ, ಅದು ಎಳೆಯ ಎಲೆಗಳಲ್ಲಿ ಯಾವ ದ್ರವ್ಯವನ್ನು ಮೊದಲು ಸೇರುತ್ತದೆ, ಯಾವುದನ್ನು ಆಮೇಲೆ ಸೇರುತ್ತದೆಂದು ಪರೀಕ್ಷಿಸಿದರು.

ಈ ಅನುಕ್ರಮವನ್ನು ನಮ್ಮ ಆಲೆಮನೆಯ ಉಪಮಾನದಿಂದ ತಿಳಿಯಬಹುದು. ಕಬ್ಬಿನ ಹಾಲು ಕುದಿದು ಜೋನಿಯಾಗಿ, ಜೋನಿ ಮತ್ತೂ ಕಾಯ್ದು ಅಚ್ಚುಬೆಲ್ಲವಾಗುತ್ತದೆ. ಕೊಪ್ಪರಿಗೆಯನ್ನು ಯಾವಾಗ ಇಳಿಸಿದಿರೆಂಬುದರ ಮೇಲೆ ಕೈಗೆ ಬರುವ ಪದಾರ್ಥ ನಿರ್ಧಾರವಾಗುತ್ತದೆ. ಹಾಗೆಯೇ ಪೆಪ್ಪರ್‌ಮಿಂಟಿನ ಎಲೆಯಲ್ಲಿ ಮೊದಲು ಲಿಮೊನೀನ್ ಎಂಬ ದ್ರವ್ಯ ಹುಟ್ಟುತ್ತದೆ. ಅದು ಹಲವು ಮೆಟ್ಟಿಲುಗಳನ್ನು ದಾಟಿ ಪ್ಯುಲೆಗೋನ್ ಆಗುತ್ತದೆ, ಪ್ಯುಲೆಗೋನ್ ಮೆಂಥೋನ್ ಆಗುತ್ತದೆ, ಮೆಂಥೋನ್ ಎಲೆ ಬಲಿತಂತೆ ಮೆಂಥಾಲ್ ಆಗುತ್ತದೆ. ಎಳೆಯ ಎಲೆಯ ಎಣ್ಣೆಯಲ್ಲಿ ಮೆಂಥೋನ್ ಹೆಚ್ಚು, ಬಲಿತ ಎಲೆಯದರಲ್ಲಿ ಮೆಂಥಾಲ್ ಹೆಚ್ಚು. ಆದರೆ ಪ್ಯುಲೆಗೋನಿನ ಬಳಿ ದಾರಿ ಕವಲೊಡೆಯುತ್ತದೆ. ಮತ್ತೊಂದು ಕವಲು ಮೆಂಥೊಫ್ಯುರಾನ್ ಎಂಬ ಅನಪೇಕ್ಷಿತ ದ್ರವ್ಯಕ್ಕೆ ಹೋಗುತ್ತದೆ. ಹೂವಿನ ಎಣ್ಣೆಯಲ್ಲಿ ಈ ದ್ರವ್ಯ ಹೆಚ್ಚು. ಹೂ ಪೂರ್ತಿ ಅರಳುವ ಮುನ್ನವೇ ಕೊಯ್ಯುತ್ತಿದ್ದ ರೈತನ ರೂಢಿಯ ಮರ್ಮ ಇದೇ.

1967ರಲ್ಲಿ ಬರ್‌ಬಾಟ್ ಮತ್ತು ಲೂಮಿಸ್ ಹವಾಮಾನದ ಪಾತ್ರವನ್ನು ವಿವರಿಸಿದರು. ಹಗಲಿನ ಬೆಳಕಿನಲ್ಲಿ ಎಲೆ ಶಕ್ತಿಯನ್ನು ಸಂಪಾದಿಸುತ್ತದೆ. ರಾತ್ರಿ ಉಸಿರಾಟದಲ್ಲಿ ಅದನ್ನು ವ್ಯಯಿಸುತ್ತದೆ. ದೀರ್ಘವಾದ ಬೆಳಕಿನ ಹಗಲು ಮತ್ತು ತಂಪಾದ ರಾತ್ರಿ ಇದ್ದರೆ ಉಳಿತಾಯ ಹೆಚ್ಚು; ಆಗ ಮೆಂಥೋನಿನ ಕವಲು ಬಲಗೊಳ್ಳುತ್ತದೆ. ಹಗಲು ಕಿರಿದಾಗಿ ರಾತ್ರಿ ಬೆಚ್ಚಗಿದ್ದರೆ ಉಳಿತಾಯ ಕರಗುತ್ತದೆ; ಆಗ ಪ್ಯುಲೆಗೋನ್ ಮತ್ತು ಮೆಂಥೊಫ್ಯುರಾನ್ ಹೆಚ್ಚುತ್ತವೆ. 2000ದಲ್ಲಿ ಗರ್ಶೆನ್‌ಜಾನ್, ಮೆಕಾಂಕಿ ಮತ್ತು ಕ್ರೋಟೋ ಮತ್ತೊಂದು ಮಾತನ್ನು ಸೇರಿಸಿದರು: ಎಲೆಯು ತನ್ನ ಎಣ್ಣೆಯನ್ನು ಮುಖ್ಯವಾಗಿ ಹನ್ನೆರಡನೆಯ ದಿನದಿಂದ ಇಪ್ಪತ್ತನೆಯ ದಿನದವರೆಗಿನ ಅವಧಿಯಲ್ಲಿ ತಯಾರಿಸುತ್ತದೆ. ಉಳಿದ ಕಾಲವೆಲ್ಲ ಸಿದ್ಧವಾದುದರ ರೂಪಾಂತರಕ್ಕೆ ಮೀಸಲು. ಆದ್ದರಿಂದಲೇ ಇಂದಿನ ಯೂರೋಪಿನ ಔಷಧಕೋಶವೂ ಪೆಪ್ಪರ್‌ಮಿಂಟ್ ಎಣ್ಣೆಗೆ ಒಂದೇ ಅಂಕಿಯನ್ನು ವಿಧಿಸುವುದಿಲ್ಲ. ಮೆಂಥಾಲ್ ಶೇಕಡ 30ರಿಂದ 55, ಮೆಂಥೋನ್ 14ರಿಂದ 32, ಮೆಂಥೊಫ್ಯುರಾನ್ 1ರಿಂದ 9 ಇರಬಹುದೆಂದು ಅದು ಅಂತರವನ್ನು ಬಿಟ್ಟುಕೊಟ್ಟಿದೆ.

ಋತುವಿಗೂ ಔಷಧಿಯ ಗುಣಕ್ಕೂ ಇರುವ ನಂಟು ನಮ್ಮ ಪ್ರಾಚೀನರಿಗೆ ಗೋಚರಿಸಿತ್ತು. ಚರಕಸಂಹಿತೆಯ ಕಲ್ಪಸ್ಥಾನವು ಎಳೆಯ ಕೊಂಬೆ ಮತ್ತು ಎಲೆಗಳನ್ನು ವರ್ಷ ಹಾಗೂ ವಸಂತ ಋತುಗಳಲ್ಲಿ, ಬೇರನ್ನು ಗ್ರೀಷ್ಮ ಅಥವಾ ಶಿಶಿರದಲ್ಲಿ, ತೊಗಟೆ, ಗೆಡ್ಡೆ, ಹಾಲುಗಳನ್ನು ಶರತ್ತಿನಲ್ಲಿ, ಮರದ ಸಾರವನ್ನು ಹೇಮಂತದಲ್ಲಿ ಸಂಗ್ರಹಿಸಬೇಕೆಂದು ವಿಧಿಸುತ್ತದೆ. ಅಲ್ಲಿನ ಮಾತು ಪುದೀನವನ್ನು ಕುರಿತದ್ದಲ್ಲ. ಮೆಂಥಾಲಿನ ರಹಸ್ಯವೆಲ್ಲ ಆ ಗ್ರಂಥದಲ್ಲಿತ್ತೆಂದು ಹೇಳಿದರೆ ಅದು ಗ್ರಂಥಕ್ಕೂ ಅಪಚಾರ, ವಿಜ್ಞಾನಕ್ಕೂ ಅಪಚಾರ. ಆದರೆ ಗಿಡದ ಹೆಸರೊಂದನ್ನೇ ಹೇಳಿದರೆ ಔಷಧಿಯನ್ನು ಹೇಳಿದಂತಾಗದು, ಭಾಗವನ್ನೂ ಕಾಲವನ್ನೂ ಹೇಳಬೇಕೆಂಬ ತತ್ತ್ವ ಅಲ್ಲಿ ಸ್ಪಷ್ಟವಾಗಿದೆ. ಮಿಶಿಗನ್ನಿನ ರೈತನು ಅನುಭವದಿಂದ ಕಂಡುಕೊಂಡದ್ದೂ ಅದೇ ತತ್ತ್ವವನ್ನು.

ಇನ್ನು ಮೆಂಥಾಲಿನ ವ್ಯಾಪಾರದ ಕಥೆ. ಎರಡನೆಯ ಮಹಾಯುದ್ಧಕ್ಕೆ ಮೊದಲು ಜಗತ್ತಿನ ಮೆಂಥಾಲಿನ ಬಹುಪಾಲು ಜಪಾನಿನಿಂದ ಬರುತ್ತಿತ್ತು; ಹೊಕ್ಕೈಡೊ ದ್ವೀಪದ ಕಿತಾಮಿ ಅದರ ಕೇಂದ್ರವಾಗಿತ್ತು. ಅಲ್ಲಿನ ಮೆಂಥಾ ಆರ್ವೆನ್ಸಿಸ್ ಎಣ್ಣೆಯಲ್ಲಿ ಮೆಂಥಾಲ್ ಶೇಕಡ 70ಕ್ಕೂ ಮೀರಿರುತ್ತದೆ. ತಣ್ಣಗಾಗಿಸಿದರೆ ಹರಳುಗಳು ತಾವಾಗಿಯೇ ಕಟ್ಟುತ್ತವೆ. 1890ರ ದಶಕದಲ್ಲಿ ನಾರ್ತ್ ಕ್ಯಾರೊಲೈನಾದ ಲನ್ಸ್‌ಫರ್ಡ್ ರಿಚರ್ಡ್‌ಸನ್ ಸಿದ್ಧಪಡಿಸಿದ, ಮುಂದೆ ವಿಕ್ಸ್ ಎಂದು ಪ್ರಖ್ಯಾತವಾದ ಮುಲಾಮಿಗೂ, 1893ರಲ್ಲಿ ಮುಂಬಯಿಯಲ್ಲಿ ಕಾಶೀನಾಥುನಿ ನಾಗೇಶ್ವರ ರಾವ್ ಸ್ಥಾಪಿಸಿದ ಅಮೃತಾಂಜನಕ್ಕೂ ಆಧಾರವಾದ ದ್ರವ್ಯಗಳಲ್ಲಿ ಮೆಂಥಾಲ್ ಒಂದು. ಯುದ್ಧ ಬಂದು ಜಪಾನಿನ ದಾರಿ ಮುಚ್ಚಿದಾಗ ಬ್ರೆಜಿಲಿನಲ್ಲಿ ನೆಲೆಸಿದ್ದ ಜಪಾನಿ ವಲಸಿಗರ ಹೊಲಗಳು ಆ ಸ್ಥಾನವನ್ನು ತುಂಬಿದವು.

ಅಮೆರಿಕದ ಪೆಪ್ಪರ್‌ಮಿಂಟಿಗೆ ಕಷ್ಟ ಬೇರೊಂದು ರೂಪದಲ್ಲಿ ಬಂದಿತ್ತು. 1920ರ ದಶಕದಲ್ಲಿ ಮಣ್ಣಿನ ಶಿಲೀಂಧ್ರವೊಂದು ಮಿಶಿಗನ್ನಿನ ಹೊಲಗಳನ್ನು ಬಾಡಿಸತೊಡಗಿತು. ಬೇಸಾಯ ಕ್ರಮೇಣ ಪಶ್ಚಿಮದ ರಾಜ್ಯಗಳಿಗೆ ಸರಿಯಿತು. ಬಂಜೆ ಗಿಡವಾದ್ದರಿಂದ ಬೀಜದ ಮೂಲಕ ರೋಗನಿರೋಧಕ ತಳಿಯನ್ನು ಪಡೆಯುವಂತಿರಲಿಲ್ಲ. 1950ರ ದಶಕದಲ್ಲಿ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಹಂಬುಗಳಿಗೆ ವಿಕಿರಣವನ್ನು ಹಾಯಿಸಿ, ಉಳಿದು ಬೆಳೆದವುಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ, 1970ರ ದಶಕದಲ್ಲಿ ಟಾಡ್ಸ್ ಮಿಚಮ್, ಮರ್ರೆ ಮಿಚಮ್ ಎಂಬ ತಳಿಗಳನ್ನು ರೈತರಿಗೆ ನೀಡಲಾಯಿತು.

ಭಾರತದ ಅಧ್ಯಾಯ 1950ರ ದಶಕದಲ್ಲಿ ಜಮ್ಮುವಿನ ಪ್ರಯೋಗಾಲಯದಲ್ಲಿ ಜಪಾನಿ ಪುದೀನವನ್ನು ಬೆಳೆಸುವುದರೊಂದಿಗೆ ಮೊದಲಾಯಿತು. 1959ರಲ್ಲಿ ಸ್ಥಾಪಿತವಾದ, ಇಂದು ಸೀಮ್ಯಾಪ್ ಎಂದು ಹೆಸರಾಗಿರುವ ಲಖನೌ ಸಂಸ್ಥೆಯು ಆ ಗಿಡವನ್ನು ಉತ್ತರ ಪ್ರದೇಶದ ಬಯಲಿನ ಪಂಚಾಂಗಕ್ಕೆ ಹೊಂದಿಸುವ ಕೆಲಸವನ್ನು ಮುಂದುವರಿಸಿತು. ಆಲೂಗಡ್ಡೆ, ಗೋಧಿಯಂತಹ ಚಳಿಗಾಲದ ಬೆಳೆ ಮುಗಿದು, ಮಳೆಗಾಲದ ಭತ್ತದ ನಾಟಿಗೆ ಇನ್ನೂ ಸಮಯವಿರುವ ಮೂರು ನಾಲ್ಕು ತಿಂಗಳುಗಳಲ್ಲಿ ಈ ಪುದೀನ ಬೆಳೆಯುತ್ತದೆ. ಮೇ ಜೂನ್ ತಿಂಗಳ ದೀರ್ಘ ಹಗಲಿನಲ್ಲಿ ಎಣ್ಣೆ ತುಂಬುತ್ತದೆ. ಮುಂಗಾರು ಮುನ್ನವೇ ಬಂದು ಹೊಲದಲ್ಲಿ ನೀರು ನಿಂತರೆ ಎಲೆ ಉದುರಿ ಎಣ್ಣೆ ಕುಗ್ಗುತ್ತದೆ. ಬಾರಾಬಂಕಿ ಜಿಲ್ಲೆಯ ಸಣ್ಣ ಹಿಡುವಳಿದಾರನ ಪಾಲಿಗೆ ಮಳೆಗೂ ಬಟ್ಟಿಗೂ ನಡುವಿನ ಪಂದ್ಯವಿದು. 1990ರ ದಶಕದಲ್ಲಿ ಬಂದ ಹಿಮಾಲಯ, ಕೋಸಿ ಮೊದಲಾದ ತಳಿಗಳು ಈ ಪಂದ್ಯದಲ್ಲಿ ರೈತನಿಗೆ ನೆರವಾದವು. ಇಂದು ಜಗತ್ತಿನ ನೈಸರ್ಗಿಕ ಮೆಂಥಾಲಿನ ಬಹುಪಾಲು ಭಾರತದ್ದೇ. ಇಲ್ಲಿನ ಅಂಗಡಿಯಲ್ಲಿ ನಾವು ಕೊಳ್ಳುವ ಕೆಮ್ಮಿನ ಗುಳಿಗೆಯಲ್ಲಿ ಗಂಗೆಯ ಬಯಲಿನ ಬೇಸಗೆ ಅಡಗಿರುವ ಸಂಭವವುಂಟು.

ಋತುವಿನ ಹಂಗಿಲ್ಲದ ಪ್ರತಿಸ್ಪರ್ಧಿಯೂ ಹುಟ್ಟಿಕೊಂಡಿದೆ. 1970ರ ದಶಕದಲ್ಲಿ ಜರ್ಮನಿಯ ಕಾರ್ಖಾನೆ ಥೈಮಾಲಿನಿಂದ ಮೆಂಥಾಲನ್ನು ತಯಾರಿಸತೊಡಗಿತು. 1980ರ ದಶಕದಲ್ಲಿ ಜಪಾನಿನ ತಕಾಸಾಗೊ ಸಂಸ್ಥೆ ರ‍್ಯೋಜಿ ನೊಯೋರಿಯವರ ವೇಗವರ್ಧಕವನ್ನು ಬಳಸಿ ಮತ್ತೊಂದು ಮಾರ್ಗವನ್ನು ತೆರೆಯಿತು; ಆ ಬಗೆಯ ವೇಗವರ್ಧಕಗಳಿಗಾಗಿ ಅವರು 2001ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಕಾರ್ಖಾನೆಯ ಶುದ್ಧ ಮೆಂಥಾಲಿಗೂ ಹೊಲದ ಶುದ್ಧ ಮೆಂಥಾಲಿಗೂ ದೇಹದಲ್ಲಿ ಭೇದವಿಲ್ಲ. ಆದರೆ ಇಡಿಯ ಎಣ್ಣೆಯೆಂಬುದು ಮೆಂಥಾಲೊಂದೇ ಅಲ್ಲ. ಅದು ಹತ್ತಾರು ದ್ರವ್ಯಗಳ ಕೂಟ.

ವೈದ್ಯನಾಗಿ ನಾನು ಒತ್ತಿ ಹೇಳಬೇಕಾದ ಮಾತು ಇಲ್ಲಿದೆ. ಮೆಂಥಾಲಿನ ಉಪಯೋಗ ಕೇವಲ ನಂಬಿಕೆಯಲ್ಲ. ಚಳಿಯನ್ನು ಗ್ರಹಿಸುವ ನರಗಳಲ್ಲಿನ ಗ್ರಾಹಕವನ್ನೇ ಅದು ಪ್ರಚೋದಿಸುತ್ತದೆಂದು 2002ರಲ್ಲಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರ ತಂಡಗಳು ಪ್ರತ್ಯೇಕವಾಗಿ ತೋರಿಸಿದವು. ಅವರಿಬ್ಬರಿಗೂ 2021ರ ನೊಬೆಲ್ ಪಾರಿತೋಷಕ ಸಂದಿತು. ಪೆಪ್ಪರ್‌ಮಿಂಟ್ ಎಣ್ಣೆ ಕರುಳಿನ ಸ್ನಾಯುಗಳ ಬಿಗಿತವನ್ನು ಸಡಿಲಿಸುತ್ತದೆ. ಕೆಲವು ಬಗೆಯ ಕರುಳಿನ ಉಪದ್ರವಗಳಲ್ಲಿ ಅದರ ಗುಳಿಗೆಗಳನ್ನು ನಾವು ಸೂಚಿಸುವುದೂ ಉಂಟು.

ಆದರೆ ಇದೇ ಗಿಡದೊಳಗೆ ಮೆಟ್ಟಿಲಾಗಿ ಬಂದುಹೋಗುವ ಪ್ಯುಲೆಗೋನ್, ಅದರ ಬಂಧುವಾದ ಪೆನಿರಾಯಲ್ ಎಂಬ ಪುದೀನದಲ್ಲಿ ಪ್ರಧಾನ ದ್ರವ್ಯವಾಗಿ ನಿಂತುಬಿಡುತ್ತದೆ. ಯಕೃತ್ತು ಅದನ್ನು ಮೆಂಥೊಫ್ಯುರಾನ್ ಮೊದಲಾದವುಗಳನ್ನಾಗಿ ಮಾರ್ಪಡಿಸುತ್ತದೆ, ಅವು ಯಕೃತ್ತನ್ನೇ ನಾಶಪಡಿಸುತ್ತವೆ. 1978ರಲ್ಲಿ ಕೊಲರಾಡೊ ರಾಜ್ಯದಲ್ಲಿ ತರುಣಿಯೊಬ್ಬಳು ಸುಮಾರು ಒಂದು ಔನ್ಸ್ ಪೆನಿರಾಯಲ್ ಎಣ್ಣೆಯನ್ನು ಕುಡಿದು ಮೃತಳಾದಳು. 1996ರಲ್ಲಿ ಇಲ್ಲಿನ ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇಬ್ಬರು ಹಸುಗೂಸುಗಳ ವೃತ್ತಾಂತ ಪ್ರಕಟವಾಯಿತು. ಮನೆಯವರು ಪುದೀನವೆಂದು ಬಗೆದು ಕುದಿಸಿ ಕುಡಿಸಿದ ಕಷಾಯದಲ್ಲಿ ಇದ್ದದ್ದು ಪೆನಿರಾಯಲ್. ಒಂದು ಮಗು ತೀರಿಕೊಂಡಿತು, ಮತ್ತೊಂದರ ಮೆದುಳಿಗೆ ತೀವ್ರ ಹಾನಿಯಾಯಿತು. ಅವು ವಲಸೆ ಬಂದ ನಮ್ಮಂತಹ ಮನೆಗಳಲ್ಲಿ ಅಜ್ಜಿಯರ ಕೈಯಲ್ಲಿ ನಡೆಯುವ ಉಪಚಾರಗಳಿಗಿಂತ ಭಿನ್ನವಾದ ಉಪಚಾರಗಳಲ್ಲ. ಊರಿನಲ್ಲಿ ಅಜ್ಜಿಗೆ ಗಿಡವೂ ಗೊತ್ತಿತ್ತು, ಕಾಲವೂ ಗೊತ್ತಿತ್ತು, ಮಗುವಿಗೆ ಎಷ್ಟು ಹನಿಯೆಂಬ ಲೆಕ್ಕವೂ ಗೊತ್ತಿತ್ತು. ಇಲ್ಲಿ ಗಿಡ ಬೇರೆ, ಹಗಲಿನ ಉದ್ದ ಬೇರೆ, ಸೀಸೆಯಲ್ಲಿ ಸಿಗುವ ಎಣ್ಣೆಯ ಸಾಂದ್ರತೆ ಬೇರೆ. ಹೆಸರೊಂದು ಮಾತ್ರ ಅದೇ.

ಆದ್ದರಿಂದ ಕೆಲವು ವಿನಂತಿಗಳು. ಚಟ್ನಿಯ ಪುದೀನಕ್ಕೂ ಪೂಜೆಯ ತುಳಸಿಗೂ ಅಂಜಬೇಕಾದುದಿಲ್ಲ. ಸೀಸೆಯ ಸಾಂದ್ರ ಎಣ್ಣೆಯನ್ನು ಮಾತ್ರ ಮನೆಮದ್ದೆಂದು ಕುಡಿಯಬಾರದು, ಕುಡಿಸಬಾರದು. ಎರಡು ವರ್ಷ ತುಂಬದ ಮಕ್ಕಳ ಮೂಗಿಗಾಗಲಿ ಎದೆಗಾಗಲಿ ಮೆಂಥಾಲಿನ ಮುಲಾಮನ್ನು ಹಚ್ಚಬಾರದು; ಅದು ಉಸಿರನ್ನೇ ತಡೆದೀತು. ಗುರುತು ಖಚಿತವಿಲ್ಲದ ಗಿಡದ ಕಷಾಯವನ್ನು ಮಕ್ಕಳಿಗೂ ಗರ್ಭಿಣಿಯರಿಗೂ ಕೊಡಬಾರದು. ಮನೆಯಲ್ಲಿ ಯಾವ ಗಿಡಮೂಲಿಕೆಯನ್ನು ಸೇವಿಸುತ್ತಿದ್ದರೂ ಅದನ್ನು ಸಂಕೋಚವಿಲ್ಲದೆ ನಿಮ್ಮ ವೈದ್ಯರಿಗೆ ತಿಳಿಸಬೇಕು.

ಗಿಡಮೂಲಿಕೆಯೆಂದರೆ ನಿರಪಾಯವೆಂಬ ನಂಬಿಕೆಯೂ, ಗಿಡಮೂಲಿಕೆಯೆಂದರೆ ನಿರುಪಯೋಗವೆಂಬ ತಿರಸ್ಕಾರವೂ ಒಂದೇ ತಪ್ಪಿನಿಂದ ಹುಟ್ಟುತ್ತವೆ. ಎರಡೂ ಗಿಡವನ್ನು ಬದಲಾಗದ ವಸ್ತುವೆಂದು ಭಾವಿಸುತ್ತವೆ. ಪುದೀನದ ಇತಿಹಾಸ ತೋರಿಸುವಂತೆ ಗಿಡ ದಿನದಿನಕ್ಕೂ ಬದಲಾಗುವ ಒಂದು ಕಾರ್ಯಾಗಾರ. ಅದರ ಗುಣವನ್ನು ಕೊಯ್ದ ದಿನವೂ ನಿರ್ಧರಿಸುತ್ತದೆ. ಹಿರಿಯರ ಅನುಭವಕ್ಕೆ ನಾವು ಸಲ್ಲಿಸಬಹುದಾದ ಗೌರವವೆಂದರೆ ಅದನ್ನು ಅಳತೆಗೆ ಒಳಪಡಿಸಿ, ಸರಿಯಾದುದನ್ನು ಉಳಿಸಿಕೊಂಡು ಮಕ್ಕಳಿಗೆ ಕಲಿಸುವುದು.